ಬೇಳೆಗೆ ಮೊದಲೇ ಹುಳಿ ಬಿದ್ದರೆ

ಅಡುಗೆಮನೆಯಲ್ಲಿ ಹಿರಿಯರು ಹೇಳುವ ಎಷ್ಟೋ ಮಾತುಗಳಿಗೆ ಅವರು ಕಾರಣ ಕೊಡುವುದಿಲ್ಲ. ‘ಬೇಳೆ ಬೆಂದ ಮೇಲೇ ಹುಣಸೆರಸ ಹಾಕು’ ಎನ್ನುವುದು ಅಂಥದ್ದೊಂದು ಮಾತು. ಮೀರಿದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ತೊಗರಿಬೇಳೆ, ಆಲೂಗಡ್ಡೆ ಹೋಳು, ಒಂದಿಷ್ಟು ಗಟ್ಟಿ ಹುಣಸೆರಸ ಎಲ್ಲವನ್ನೂ ಒಟ್ಟಿಗೇ ತೆರೆದ ಪಾತ್ರೆಗೆ ಸುರಿದು ಒಲೆಯ ಮೇಲಿಡಿ. ಮುಕ್ಕಾಲು ಗಂಟೆ ಕೊತಕೊತ ಕುದಿದರೂ ಬೇಳೆ ಬಿಡಿಬಿಡಿಯಾಗಿ ತಳದಲ್ಲಿ ಕೂತಿರುತ್ತದೆ, ಮೇಲೆ ಬರೀ ಕಂದು ನೀರು. ಒಂದು ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಅಂಚು ಜಾರುತ್ತದೆ, ನಡುವಿನ ಗಟ್ಟಿ ಚೂರು ಹಾಗೇ ಉಳಿಯುತ್ತದೆ. ಆಲೂಗಡ್ಡೆ ನೋಡಲು ಬೆಂದ ಹಾಗಿದ್ದರೂ ಹಲ್ಲಿಗೆ ಕರುಕರು ಅನ್ನುತ್ತದೆ. ಇಂಥ ದಿನ ಬೈಗುಳ ತಿನ್ನುವುದು ಬೇಳೆ ಕೊಟ್ಟ ಅಂಗಡಿಯವನು. ಒಮ್ಮೊಮ್ಮೆ ಬೇಳೆಯದೂ ತಪ್ಪಿರುತ್ತದೆ, ಅದಕ್ಕೆ ಆಮೇಲೆ ಬರೋಣ. ಇಲ್ಲಿ ಮಾತ್ರ ತಪ್ಪು ಹುಣಸೆರಸ ಬಿದ್ದ ಹೊತ್ತಿನದು.

ಬೇಳೆಯಾಗಲಿ ತರಕಾರಿಯಾಗಲಿ ಬೇಯಬೇಕಾದರೆ ಎರಡು ಕೆಲಸ ಜೊತೆಜೊತೆಗೇ ನಡೆಯಬೇಕು. ಕೋಶಗಳ ಒಳಗಿನ ಪಿಷ್ಟ ನೀರು ಹೀರಿ ಉಬ್ಬಬೇಕು. ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಅಂಟು ಸಡಿಲವಾಗಬೇಕು. ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಕೋಶಗಳ ನಡುವೆ ಕೂತಿರುವ ಈ ಅಂಟಿನ ಹೆಸರು ಪೆಕ್ಟಿನ್. ಅದರ ಅಣುಗಳು ಉದ್ದುದ್ದ ಸರಪಳಿಗಳು. ಅಲ್ಲಲ್ಲಿ ಕ್ಯಾಲ್ಸಿಯಂ ಅಯಾನುಗಳು ಎರಡು ಸರಪಳಿಗಳನ್ನು ಹಿಡಿದು ಬಿಗಿಯುತ್ತವೆ. ಬರೀ ನೀರಿನಲ್ಲಿ ಕುದಿಸಿದಾಗ ಬಿಸಿಗೆ ಸರಪಳಿಗಳು ತುಂಡಾಗಿ ನೀರಿನಲ್ಲಿ ಕರಗುತ್ತವೆ, ಕೋಶಗಳು ಒಂದನ್ನೊಂದು ಬಿಡುತ್ತವೆ, ಸೌಟಿನ ಬೆನ್ನಿನಿಂದ ಒತ್ತಿದರೆ ಸಾಕು ಬೇಳೆ ನುಣ್ಣಗಾಗುತ್ತದೆ. ಹುಳಿ ಅಡ್ಡಗಾಲು ಹಾಕುವುದು ಈ ತುಂಡಾಗುವ ಕ್ರಿಯೆಗೆ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ಶುದ್ಧ ನೀರು 7; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪೆಕ್ಟಿನ್ ಒಡೆಯುವುದು ತೀರಾ ನಿಧಾನವಾಗುವುದು ಪಿಎಚ್ 4ರ ಆಸುಪಾಸಿನಲ್ಲಿ. ನಮ್ಮ ಸಾರು, ಗೊಜ್ಜುಗಳ ಹುಳಿ ಹೆಚ್ಚುಕಡಿಮೆ ಬಂದು ನಿಲ್ಲುವುದೂ ಅಲ್ಲಿಗೇ. ಹುಣಸೆಹಣ್ಣಿನಲ್ಲಿರುವುದು ದ್ರಾಕ್ಷಿಯಲ್ಲೂ ಇರುವ ಟಾರ್ಟಾರಿಕ್ ಆಮ್ಲ. ಇದು ಕುದಿಸಿದರೆ ಹಾರಿಹೋಗುವ ಜಾತಿಯಲ್ಲ. ಹಾಗಾಗಿ ‘ಇನ್ನೊಂದು ಸ್ವಲ್ಪ ಹೊತ್ತು ಕುದಿಯಲಿ, ಸರಿಹೋಗುತ್ತದೆ’ ಎಂದು ಕಾಯುತ್ತ ಕೂರುವುದರಲ್ಲಿ ಗ್ಯಾಸ್ ಖರ್ಚಾಗುತ್ತದೆಯೇ ಹೊರತು ಬೇಳೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಹಾಗೆಂದು ಹುಳಿಯನ್ನು ಬರೀ ಅಡ್ಡಿ ಎಂದುಕೊಳ್ಳಬೇಕಿಲ್ಲ. ಮದುವೆಮನೆಯ ಅಡುಗೆಭಟ್ಟರು ಇದೇ ಗುಣವನ್ನು ತಿರುಗಿಸಿ ದುಡಿಸಿಕೊಳ್ಳುತ್ತಾರೆ. ಕುಂಬಳಕಾಯಿ, ಸೀಮೆಬದನೆ, ಮೂಲಂಗಿಯ ಹೋಳುಗಳು ಮುಕ್ಕಾಲು ಪಾಲು ಬೆಂದ ಹದದಲ್ಲಿ ಹುಣಸೆರಸ ಹುಯ್ದುಬಿಟ್ಟರೆ ಹೋಳು ಅಲ್ಲಿಂದ ಮುಂದೆ ಬೇಗ ಮೆತ್ತಗಾಗುವುದಿಲ್ಲ. ಕೊನೆಯ ಪಂಕ್ತಿ ಏಳುವವರೆಗೂ ಕೊಪ್ಪರಿಗೆ ಕೆಂಡದ ಮೇಲಿದ್ದರೂ ಹೋಳು ಹೋಳಾಗಿಯೇ ಬಡಿಸಲು ಸಿಗುತ್ತದೆ. ಮನೆಯಲ್ಲೂ ಕುಂಬಳಕಾಯಿ ಕರಗಿ ಹೋಗುತ್ತದೆ ಎನ್ನುವವರು ಬೆಂಕಿ ಸಣ್ಣ ಮಾಡುವ ಬದಲು ಹುಳಿ ಹಾಕುವ ಹೊತ್ತನ್ನು ತುಸು ಹಿಂದಕ್ಕೆ ತಂದು ನೋಡಬಹುದು. ಆಗ್ರಾದ ಪೇಠಾ ಮಾಡುವವರು ಬೂದುಗುಂಬಳದ ಹೋಳುಗಳನ್ನು ಸಕ್ಕರೆ ಪಾಕಕ್ಕೆ ಹಾಕುವ ಮೊದಲು ಸುಣ್ಣದ ನೀರಿನಲ್ಲಿ ನೆನೆಸಿಡುತ್ತಾರೆ. ಅಲ್ಲಿ ಕೆಲಸ ಮಾಡುವುದು ಹುಳಿಯಲ್ಲ, ಕ್ಯಾಲ್ಸಿಯಂ. ಸುಣ್ಣದ ಕ್ಯಾಲ್ಸಿಯಂ ಪೆಕ್ಟಿನ್ನಿಗೆ ಸೇರಿ ಹೋಳು ಬಿರುಸಾಗುತ್ತದೆ, ಗಂಟೆಗಟ್ಟಲೆ ಪಾಕದಲ್ಲಿ ಕುದಿದರೂ ಆಕಾರ ಬಿಡುವುದಿಲ್ಲ.

ಪೇಠಾಕ್ಕೆ ಉಪಕಾರ ಮಾಡುವ ಈ ಕ್ಯಾಲ್ಸಿಯಂ ಬೋರ್‌ವೆಲ್ ನೀರಿನಲ್ಲಿ ಬಂದರೆ ಬೇಳೆಗೆ ಶತ್ರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ಈ ನೀರಲ್ಲಿ ಬೇಳೆ ಬೇಯಲ್ಲ’ ಎಂದು ಅವರೇ ಹೇಳುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 600ರವರೆಗೆ ಅವಕಾಶವಿದೆ. ಆರೋಗ್ಯದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ಬೇಳೆ ಆ ಮಾನಕಕ್ಕೆ ಸಹಿ ಹಾಕಿಲ್ಲ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಕರಣೆ ಕಟ್ಟುತ್ತಿದ್ದರೆ ನಿಮ್ಮ ಮನೆಯ ಗಡಸುತನದಲ್ಲಿ ಒಂದು ಪಾಲಾದರೂ ಕುದಿಸಿದರೆ ಹೋಗುವಂಥದ್ದು ಎಂದು ತಿಳಿಯಬಹುದು. ಆ ಕರಣೆಯೇ ನೀರಿನಿಂದ ಬೇರೆಯಾದ ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ನೀರನ್ನು ಮೊದಲೇ ಕುದಿಸಿ, ತಣಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬೇಳೆಗೆ ಬಳಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕುದಿಸಿದರೂ ಹೋಗದ ಗಡಸುತನವೂ ಉಂಟು. ಅದಕ್ಕೆ ಮಳೆನೀರೋ ಆರ್‌ಒ ಫಿಲ್ಟರ್ ನೀರೋ ಗತಿ. ಬೇಳೆಗೆ ಬೇಕಾಗುವುದು ನಾಲ್ಕೈದು ಲೋಟ ಅಷ್ಟೇ, ಜಿಪುಣತನ ಬೇಡ.

ಚಿಟಿಕೆ ಅಡುಗೆ ಸೋಡಾ ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಕ್ಷಾರದಲ್ಲಿ ಪೆಕ್ಟಿನ್ ಬೇಗ ಒಡೆಯುವುದರಿಂದ ಬೇಳೆ ಬೇಗ ಬೇಯುವುದೂ ನಿಜ. ನನಗಂತೂ ಇದು ಹಿಡಿಸದು. ಕೈ ಸ್ವಲ್ಪ ಜಾರಿದರೆ ಸಾಬೂನಿನ ರುಚಿ ಬರುತ್ತದೆ, ಬೇಳೆಯಲ್ಲಿರುವ ಬಿ1 ಜೀವಸತ್ವ ಕ್ಷಾರದಲ್ಲಿ ನಾಶವಾಗುತ್ತದೆ. ಅರಿಶಿನ ಹಾಕಿದ್ದರೆ ಬಣ್ಣವೂ ಕೆಂಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಕುಂಕುಮ ಮಾಡುವವರು ಬಳಸುವುದು ಇದೇ ರಾಸಾಯನಿಕ ಬದಲಾವಣೆಯನ್ನು.

‘ನಾವು ದಿನಾ ಬೇಳೆ ಜೊತೆಗೇ ಟೊಮೆಟೊ ಹಾಕಿ ಕುಕ್ಕರ್ ಕೂಗಿಸುತ್ತೇವೆ, ಏನೂ ಆಗಿಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಟೊಮೆಟೊದ ಹುಳಿ ಹುಣಸೆಯಷ್ಟು ಚುರುಕಲ್ಲ. ಜೊತೆಗೆ ಕುಕ್ಕರ್ ಒಳಗಿನ ಲೆಕ್ಕವೇ ಬೇರೆ. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಕೊಟ್ಟರೂ ಅದನ್ನು ದಾಟುವುದಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ಆವಿಯ ಒತ್ತಡ ಏರಿ ನೀರು 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ರಸಾಯನಶಾಸ್ತ್ರದ ಒರಟು ಲೆಕ್ಕ. ಹಾಗಾಗಿ ಸ್ವಲ್ಪ ಹುಳಿಯಿದ್ದರೂ ಕುಕ್ಕರ್ ಗೆದ್ದುಬಿಡುತ್ತದೆ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿ ಇದರ ಮೂಲರೂಪವನ್ನು ತಯಾರಿಸಿದ್ದು ಮೂಳೆಗಳನ್ನು ಮೆತ್ತಗೆ ಮಾಡಲು. ಮೂಳೆಯನ್ನೇ ಬಗ್ಗಿಸಿದ್ದಕ್ಕೆ ಒಂದು ಟೊಮೆಟೊ ಯಾವ ಲೆಕ್ಕ! ಆದರೆ ನಿಂಬೆಗಾತ್ರದ ಹುಣಸೆಹಣ್ಣಿನ ರಸವನ್ನು ಅದೇ ಧೈರ್ಯದಲ್ಲಿ ಕುಕ್ಕರಿಗೆ ಸುರಿದರೆ ಒಂದೆರಡು ಕೂಗು ಹೆಚ್ಚೇ ಬೇಕಾಗುತ್ತದೆ.

ಹುಣಸೆರಸವನ್ನು ಕಡೆಗೆ ಹಾಕಿದರೆ ಅದರ ಹಸಿವಾಸನೆ ಉಳಿಯುತ್ತದಲ್ಲ ಎನ್ನುವ ಆಕ್ಷೇಪ ಸರಿಯಾದದ್ದೇ. ಪರಿಹಾರ ಹಳೆಯ ತಿಳಿಸಾರಿನ ಕ್ರಮದಲ್ಲೇ ಇದೆ. ಬೇಳೆ ಒಂದು ಒಲೆಯ ಮೇಲೆ ಬೇಯುವಾಗ ಇನ್ನೊಂದರ ಮೇಲೆ ಹುಣಸೆರಸಕ್ಕೆ ಉಪ್ಪು, ಸಾರಿನ ಪುಡಿ, ಚೂರು ಬೆಲ್ಲ, ಕರಿಬೇವು ಹಾಕಿ ಕುದಿಯಲು ಬಿಡುತ್ತಾರೆ. ಹಸಿವಾಸನೆ ಹೋಗಿ ಘಮ ಬಂದ ಮೇಲೆ ಬೇಳೆಯ ಕಟ್ಟನ್ನು ಸೇರಿಸಿ, ಒಂದು ಕುದಿ ಬಂದು ನೊರೆ ಎದ್ದೊಡನೆ ಇಳಿಸುತ್ತಾರೆ. ಬೇಳೆಯೂ ಹುಳಿಯೂ ಮುಖ ನೋಡುವುದು ಆ ಕೊನೆಯ ಎರಡು ನಿಮಿಷ ಮಾತ್ರ.

ಬಸ್ಸಾರಿನಲ್ಲಿ ಈ ಬೇರ್ಪಡಿಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕಾಳನ್ನೂ ಸೊಪ್ಪನ್ನೂ ಬರೀ ನೀರು, ಉಪ್ಪಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಹುಣಸೆಹಣ್ಣು ಸೇರಿಸಿ ರುಬ್ಬಿದ ಖಾರ ಬಿದ್ದು ಸಾರಾಗುತ್ತದೆ. ಸೊಪ್ಪು ಕಾಳು ಹುಳಿಯ ಸಹವಾಸವಿಲ್ಲದೆ ಒಗ್ಗರಣೆಗೆ ಹೋಗಿ ಪಲ್ಯವಾಗುತ್ತವೆ. ಹೀಗಾಗಿ ಕಾಳು ಮೆತ್ತಗೆ ಬೇಯುತ್ತದೆ, ಸೊಪ್ಪಿನ ಬಣ್ಣವೂ ಅಷ್ಟೊಂದು ಕೆಡುವುದಿಲ್ಲ. ಸೊಪ್ಪಿನ ಹಸಿರು ಕ್ಲೋರೊಫಿಲ್‌ನದು; ಅದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಹುಳಿಯಲ್ಲಿ ಬೆಂದರೆ ಮೆಗ್ನೀಸಿಯಂ ಜಾಗಕ್ಕೆ ಹೈಡ್ರೋಜನ್ ಬಂದು ಸೊಪ್ಪು ಕಂದುಗಟ್ಟುತ್ತದೆ. ಬೇಯುವಾಗ ಸೊಪ್ಪು ತಾನೇ ಒಂದಿಷ್ಟು ಆಮ್ಲ ಬಿಡುತ್ತದೆ. ಮುಚ್ಚಳ ತೆರೆದಿಟ್ಟರೆ ಅದರಲ್ಲಿ ಹಾರುವಂಥದ್ದು ಆವಿಯ ಜೊತೆ ಹೋಗುತ್ತದೆ.

ಇನ್ನು ಅಂಗಡಿಯವನ ವಿಷಯ. ಕಲಬುರಗಿ ಸೀಮೆಯಲ್ಲಿ ತೊಗರಿ ಕೊಯ್ಲು ಡಿಸೆಂಬರ್, ಜನವರಿಯ ಹೊತ್ತಿಗೆ. ಮಳೆಗಾಲದಲ್ಲಿ ನೀವು ತರುವ ಬೇಳೆಗೆ ಅರ್ಧ ವರ್ಷ ತುಂಬಿರುತ್ತದೆ, ಹಳೆಯ ದಾಸ್ತಾನಾದರೆ ಇನ್ನೂ ಹೆಚ್ಚು. ಸೆಕೆ ಮತ್ತು ತೇವದಲ್ಲಿ ಬಹಳ ದಿನ ಇದ್ದ ಕಾಳು ಬೇಯಲು ಹಟ ಮಾಡುತ್ತದೆ. ಕಾಳಿನೊಳಗೆ ಫೈಟಿಕ್ ಆಮ್ಲ ಎಂಬ ವಸ್ತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕಿಕೊಂಡಿರುತ್ತದೆ. ದಿನ ಕಳೆದಂತೆ ಕಾಳಿನದೇ ಕಿಣ್ವವೊಂದು ಅದನ್ನು ಒಡೆಯುತ್ತದೆ, ಬಿಡುಗಡೆಯಾದ ಕ್ಯಾಲ್ಸಿಯಂ ಹೋಗಿ ಪೆಕ್ಟಿನ್ನನ್ನು ಬಿಗಿಯುತ್ತದೆ. ಗಡಸು ನೀರು ಹೊರಗಿನಿಂದ ಮಾಡುವುದನ್ನೇ ಹಳೆಯ ಕಾಳು ಒಳಗಿನಿಂದ ಮಾಡಿಕೊಂಡಿರುತ್ತದೆ ಎನ್ನುವುದು ಇದಕ್ಕಿರುವ ಮುಖ್ಯ ವಿವರಣೆಗಳಲ್ಲೊಂದು. ವರ್ಷಕ್ಕಾಗುವಷ್ಟು ಒಮ್ಮೆಗೇ ತಂದು ಒಲೆಯ ಪಕ್ಕದ ಬಿಸಿ ಗೂಡಿನಲ್ಲಿ ಇಡುವುದಕ್ಕಿಂತ ಎರಡು ತಿಂಗಳಿಗಾಗುವಷ್ಟು ತಂದು ತಣ್ಣನೆಯ ಒಣ ಜಾಗದಲ್ಲಿಟ್ಟರೆ ಒಳ್ಳೆಯದು.

ಉಪ್ಪಿನ ಮೇಲೂ ಇಂಥದೇ ಆರೋಪವಿದೆ: ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲವಂತೆ. ಇದು ಮಾತ್ರ ಸುಳ್ಳು ಆಪಾದನೆ. ಕಡಲೆಕಾಳು, ಅಲಸಂದೆಯಂಥ ಸಿಪ್ಪೆಯಿರುವ ಕಾಳುಗಳನ್ನು ನೆನೆಹಾಕುವಾಗಲೇ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಸೇರಿಸಿದರೆ, ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಜಾಗ ಹಿಡಿಯುತ್ತದೆ. ಸಿಪ್ಪೆ ಒಡೆದು ಚೂರಾಗದೆ ಮೆತ್ತಗೆ ಬೇಯುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಸಾರಿಗೆ ಉಪ್ಪು ಹಾಕುವಾಗ ಕೈ ಒಂದಿಷ್ಟು ಬಿಗಿ ಹಿಡಿಯಿರಿ.

ಹುಣಸೆಯ ಹಾಗೆ ನಿಂಬೆಹಣ್ಣೂ ಕಡೆಗೇ ಬರುತ್ತದೆ, ಆದರೆ ಅದಕ್ಕೆ ಕಾರಣ ಪೆಕ್ಟಿನ್ ಅಲ್ಲ. ಹುಣಸೆಯಲ್ಲಿ ಸಿ ಜೀವಸತ್ವ ಹೆಸರಿಗಷ್ಟೇ, ನಿಂಬೆಯಲ್ಲಿ ಧಾರಾಳ. ಅದು ಬಿಸಿಗೆ ಹಾಳಾಗುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಹೀರಿಕೊಳ್ಳಲು ನೆರವಾಗುವುದೂ ಇದೇ ಸಿ ಜೀವಸತ್ವ. ಚಿತ್ರಾನ್ನದ ಒಗ್ಗರಣೆಗೆ, ಬೇಳೆಯ ತೊವ್ವೆಗೆ ನಿಂಬೆರಸ ಹಿಂಡುವುದು ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿ, ಹಬೆ ಸ್ವಲ್ಪ ತಗ್ಗಿದ ಮೇಲೆ. ಒಲೆಯ ಮೇಲೇ ಹಿಂಡಿ ಕುದಿಸಿದರೆ ರುಚಿಯೂ ಕಹಿಗೆ ತಿರುಗುತ್ತದೆ.