ನಾಯಿ ಅಂಡು ತಿಕ್ಕಿದರೆ ನಗುವವರೇ ಎಲ್ಲ!

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸದೇನಲ್ಲ. ನಾಯಿ ಹಿಂಗಾಲು ಮುಂದಕ್ಕೆ ಚಾಚಿ, ಅಂಡು ನೆಲಕ್ಕೆ ಊರಿ, ಮುಂಗಾಲಲ್ಲೇ ತೆವಳಿಕೊಂಡು ಹೋಗುತ್ತದೆ. ಹುಡುಗರು ಕೇಕೆ ಹಾಕುತ್ತಾರೆ. ಅಂಗಡಿಯವರು ನೀರು ಎರಚುತ್ತಾರೆ. ‘ಹೊಟ್ಟ್ಯಾಗ ಜಂತು ಅದಾವ’ ಅಂತ ತೀರ್ಪು ಕೊಟ್ಟು ದೊಡ್ಡವರು ಬಸ್ ಹತ್ತುತ್ತಾರೆ.

ತೀರ್ಪು ಬಹಳ ಸಲ ತಪ್ಪು. ನಾಯಿಯ ಗುದದ ಎರಡು ಮಗ್ಗುಲಿಗೆ ಒಂದೊಂದು ಪುಟ್ಟ ಚೀಲ ಇರುತ್ತದೆ. ಗಡಿಯಾರದಲ್ಲಿ 4 ಮತ್ತು 8 ಇರುವ ಜಾಗ ಅಂದುಕೊಳ್ಳಿ. ಅದರಲ್ಲಿ ಗಬ್ಬು ನಾರುವ ರಸ ತುಂಬುತ್ತದೆ. ನಾಯಿಗೆ ನಾಯಿ ಹಿಂದೆ ಹೋಗಿ ಮೂಸುವುದು ಈ ವಾಸನೆಯನ್ನೇ! ಮಲ ಗಟ್ಟಿಯಾಗಿದ್ದರೆ ಹೊರಬರುವಾಗ ಚೀಲ ಒತ್ತಿ ರಸ ಇಳಿಯುತ್ತದೆ. ಭೇದಿ ಹತ್ತಿದರೆ, ಮೈಗೆ ಬೊಜ್ಜು ಬಂದರೆ, ಚರ್ಮದ ಅಲರ್ಜಿ ಇದ್ದರೆ ರಸ ಒಳಗೇ ನಿಲ್ಲುತ್ತದೆ. ಆಮೇಲೆ ಉರಿ, ನವೆ. ಪಾಪ, ಕೈಯಿಲ್ಲದ ಪ್ರಾಣಿ ನೆಲಕ್ಕೆ ತಿಕ್ಕದೆ ಇನ್ನೇನು ಮಾಡೀತು?

ಜಂತೂ ಇರಬಹುದು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳ. ಇದು ಬರುವುದು ಚಿಗಟದಿಂದ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ. ಮಕ್ಕಳಿಗೆಂದು ತಂದಿಟ್ಟ ಜಂತಿನ ಮಾತ್ರೆಯನ್ನೇ ನಾಯಿಗೂ ತುರುಕುವವರಿದ್ದಾರೆ. ಅದನ್ನು ನಂಬಬೇಡಿ. ಈ ಹುಳಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಅದೂ ನಾಯಿಯ ತೂಕ ನೋಡಿ. ಚಿಗಟ ಹೋಗದಿದ್ದರೆ ಹುಳ ಮತ್ತೆ ಹಾಜರ್.

ಒಂದು ಸಲ ತಿಕ್ಕಿ ಸುಮ್ಮನಾದರೆ ಗಾಬರಿ ಬೇಡ. ಎರಡು ಮೂರು ದಿನ ಅದೇ ಆಟ ನಡೆದರೆ, ಬಾಲದ ಕೆಳಗೆ ನೆಕ್ಕುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಗುದದ ಪಕ್ಕ ಕೆಂಪಗೆ ಊದಿದ್ದರೆ, ರಕ್ತ ಕೀವು ಕಂಡರೆ, ಮಲಕ್ಕೆ ಕೂತಾಗ ಕುಂಯ್‌ಗುಟ್ಟಿದರೆ ಅವತ್ತೇ ಹೋಗಬೇಕು. ಚೀಲದಲ್ಲಿ ಕೀವು ಕಟ್ಟಿ ಗಡ್ಡೆ ಒಡೆಯುತ್ತದೆ. ನಮ್ಮ ಕಡೆ ಬಿಸಿಲು, ನೊಣ ಹೇಳಬೇಕಾಗಿಲ್ಲ. ಒಡೆದ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಹುಳ ಬೀಳುತ್ತದೆ. ‘ಎಲ್ಲೋ ಕಚ್ಚಾಡಿಕೊಂಡು ಬಂದದ’ ಅಂತ ಸುಮ್ಮನಿದ್ದ ಮನೆಗಳಲ್ಲಿ ನಾಯಿ ನರಳುವುದು ಹೀಗೇ. ಮುದಿ ನಾಯಿಯಲ್ಲಿ ಆ ಊತ ಕ್ಯಾನ್ಸರ್ ಕೂಡ ಆಗಿರಬಹುದು.

ಸೀಮೆಎಣ್ಣೆ, ಖಾರಪುಡಿ ಹಚ್ಚುವ ಮಹಾ ವೈದ್ಯರು ದಯವಿಟ್ಟು ದೂರ ಇರಲಿ. ಚೀಲ ಒತ್ತಿ ರಸ ತೆಗೆಯುವುದಕ್ಕೂ ಕೈ ಪಳಗಿರಬೇಕು.

2021ರಲ್ಲಿ ಜಿಲ್ಲೆ ಎರಡಾಗಿ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಯಾವ ಕಡೆಯವರಾದರೂ ಹತ್ತಿರದ ಪಶು ಆಸ್ಪತ್ರೆಗೆ ಹೋಗಬಹುದು. ಅದು ದನಕರುಗಳಿಗೆ ಮಾತ್ರ ಅಂತ ತಿಳಿದವರು ಇನ್ನೂ ಇದ್ದಾರೆ. ಬೆಳಗ್ಗೆಯೇ ಹೋಗಿ. ಬಿಳಿ ತುಣುಕು ಕಂಡಿದ್ದರೆ ಮೊಬೈಲಿನಲ್ಲಿ ಫೋಟೋ ಹಿಡಿದುಕೊಳ್ಳಿ. ಹೊರಡುವ ಮುಂಚೆ ನಾಯಿಯ ಮೂತಿಗೆ ಬಟ್ಟೆಪಟ್ಟಿ ಕಟ್ಟಿ, ನೋವಿದ್ದಾಗ ಅದು ಅನ್ನ ಹಾಕಿದವರನ್ನೂ ಕಚ್ಚೀತು. ಕಚ್ಚಿದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.