ಎದುರುಬದುರು ಪಿಸ್ಟನ್ನುಗಳ ತೂಕ

ಬೆಂಗಳೂರಿನ ಅಂದಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿದ ಪುಷ್ಪಕ್ ವಿಮಾನ 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿತು. ಇಬ್ಬರಷ್ಟೇ ಕೂರಬಹುದಾದ ಆ ವಿಮಾನ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹಾರಾಟ ಕಲಿಸಿತು. ಅದರ ಮೂತಿಯಲ್ಲಿದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ-90 ಎಂಜಿನ್. ಎಡಕ್ಕೆರಡು, ಬಲಕ್ಕೆರಡು ಸಿಲಿಂಡರ್. ಬೀಸುವ ಗಾಳಿಯೇ ಅದನ್ನು ತಂಪಾಗಿಡುತ್ತಿತ್ತು.

ಮುಗದ, ಧಾರವಾಡದ ಕಡೆ ಬೈಕ್ ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳಿಗೆ ಇದರ ಜೋಡಣೆಯ ಕ್ರಮ ಬೇಗ ಅರ್ಥವಾಗುತ್ತದೆ. ಬೈಕಿನಂತೆ ಇಲ್ಲೂ ಒಂದೊಂದು ಸಿಲಿಂಡರ್ ಬಿಡಿಬಿಡಿ. ಮೊದಲು ಕನೆಕ್ಟಿಂಗ್ ರಾಡ್‌ಗಳನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಕೂರಿಸಿ, ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ನಿಗದಿತ ಬಿಗಿಗೆ ತಿರುಗಿಸಿ, ಸಡಿಲಾಗದಂತೆ ಕಾಟರ್ ಪಿನ್ ಹಾಕುತ್ತಾರೆ. ಆಮೇಲೆ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಕೂಡುತ್ತವೆ. ಕೊನೆಗೆ ಪಿಸ್ಟನ್ನನ್ನು ರಾಡಿಗೆ ಪಿನ್‌ನಿಂದ ಸೇರಿಸಿ, ಸಿಲಿಂಡರನ್ನು ಒಳಕ್ಕೆ ಸರಿಸುತ್ತಾರೆ.

ಇದಕ್ಕೂ ಮೊದಲು ತಕ್ಕಡಿಯ ಕೆಲಸವಿದೆ. ಎದುರುಬದುರಿನ ಪಿಸ್ಟನ್ನುಗಳು ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಚಲಿಸುವುದರಿಂದ ಒಂದರ ಜಗ್ಗಾಟವನ್ನು ಇನ್ನೊಂದು ಸರಿದೂಗಿಸುತ್ತದೆ. ತೂಕ ಸಮವಿದ್ದರೆ ಮಾತ್ರ. ಸಿ-90ರ ಪಿಸ್ಟನ್ ಸುಮಾರು 98 ಮಿಲಿಮೀಟರ್ ಓಡಿ ನಿಂತು ಹಿಂದಿರುಗುತ್ತದೆ. ಕ್ರ್ಯಾಂಕ್ ನಿಮಿಷಕ್ಕೆ 2475 ಸುತ್ತು ತಿರುಗುವಾಗ, ಸಿಲಿಂಡರಿನ ತುದಿಯಲ್ಲಿ ಅದು ದಿಕ್ಕು ಬದಲಿಸಬೇಕಾದರೆ ತನ್ನ ತೂಕದ ಮುನ್ನೂರು ಪಟ್ಟಿಗೂ ಹೆಚ್ಚಿನ ಬಲ ಬೇಕು. ಅಂದರೆ 10 ಗ್ರಾಂ ವ್ಯತ್ಯಾಸ ಅಲ್ಲಿ ಮೂರು ಕಿಲೋಗೂ ಮಿಕ್ಕಿದ ಎಳೆತವಾಗುತ್ತದೆ. ಸುತ್ತು ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಆ ಅದುರಾಟವನ್ನು ಬೇರಿಂಗು, ಬೋಲ್ಟು, ಕೊನೆಗೆ ವಿಮಾನದ ಮೈಯೇ ತಾಳಿಕೊಳ್ಳಬೇಕು. ಅದಕ್ಕೇ ರಾಡ್, ಪಿಸ್ಟನ್‌ಗಳನ್ನು ತೂಗಿ ಜೋಡಿ ಮಾಡುತ್ತಾರೆ.

ಪಿಸ್ಟನ್ನಿಗೆ ತೊಡಿಸುವ ರಿಂಗ್‌ಗಳದ್ದೂ ಸೂಕ್ಷ್ಮ ಲೆಕ್ಕ. ಸಿಲಿಂಡರಿನೊಳಗೆ ರಿಂಗ್ ಇಟ್ಟು, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯುತ್ತಾರೆ. ಸಂದು ಕಿರಿದಾದರೆ, ಕಾವಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ಒತ್ತಿ ಗೋಡೆಯನ್ನು ಗೀರುತ್ತವೆ. ಅಗಲವಾದರೆ ಉರಿದ ಅನಿಲ ನುಸುಳಿ ಶಕ್ತಿ ಸೋರುತ್ತದೆ. ಸಂದುಗಳು ಒಂದೇ ಸಾಲಿಗೆ ಬರದಂತೆ ರಿಂಗ್‌ಗಳನ್ನು ತಿರುಗಿಸಿಡಬೇಕು. ಕ್ರೋಮ್ ಲೇಪಿತ ಸಿಲಿಂಡರಿಗೆ ಕ್ರೋಮ್ ರಿಂಗ್ ಹಾಕುವಂತಿಲ್ಲ: ಎರಡೂ ಸಮ ಗಡಸು, ಒಂದಕ್ಕೊಂದು ಹೊಂದಿಕೊಳ್ಳದೆ ಉಜ್ಜಿ ಹಾಳಾಗುತ್ತವೆ.

ಕ್ರ್ಯಾಂಕ್‌ಕೇಸ್ ಮುಚ್ಚಿದ ಮೇಲೆ ಒಳಗಿನ ಕಾಟರ್ ಪಿನ್ ಯಾರ ಕಣ್ಣಿಗೂ ಸುಲಭಕ್ಕೆ ಬೀಳದು. ಆದ್ದರಿಂದ ವಿಮಾನದ ಎಂಜಿನ್ ಕಟ್ಟುವವರು ಪ್ರತಿ ಅಳತೆಯನ್ನೂ ಮುಚ್ಚುವ ಮುನ್ನವೇ ಪರೀಕ್ಷಿಸಿ ಬರೆದಿಡುತ್ತಾರೆ. ಆಕಾಶದಲ್ಲಿ ಎಂಜಿನ್ ಕೈಕೊಟ್ಟರೆ ರಸ್ತೆ ಬದಿಗೆ ನಿಲ್ಲಿಸಿ ನೋಡಲಾಗದು. ನೋಡುವುದೆಲ್ಲ ನೆಲದ ಮೇಲೇ ಮುಗಿಯಬೇಕು.