ಚುಚ್ಚುಮದ್ದಿನ ಸಹಾಯದ್ರವ್ಯಗಳು

ಚುಚ್ಚುಮದ್ದು ಹಾಕಿಸಿಕೊಂಡ ಹುಡುಗಿಯ ತೋಳು ಬಾತು, ಸಂಜೆಗೆ ಮೈ ಬೆಚ್ಚಗಾದರೆ, ಮದ್ದೇ ಕೆಟ್ಟದ್ದೆಂದು ಮನೆಯವರು ಭಯಪಡುವದುಂಟು. ಮುಂದಿನ ಸರತಿಗೆ ಮಗಳನ್ನು ಕಳುಹಿಸದ ತಾಯಂದಿರನ್ನೂ ನಾವು ಬಲ್ಲೆವು. ಅವರನ್ನು ಹಳಿಯುವದಕ್ಕಿಂತ ಆ ಬಾವಿನ ಕಾರಣವನ್ನು ತಿಳಿಸುವದು ಲೇಸು.

ಫ್ರಾನ್ಸಿನಲ್ಲಿ ಗಾಸ್ತೋ ರಾಮೋ ಎಂಬ ಪಶುವೈದ್ಯರು ಗಂಟಲಮಾರಿಯ ಪ್ರತಿವಿಷವನ್ನು ಪಡೆಯಲು, ನಿರ್ವಿಷಗೊಳಿಸಿದ ರೋಗವಿಷವನ್ನು ಕುದುರೆಗಳಿಗೆ ಚುಚ್ಚುತ್ತಿದ್ದರು. ಚುಚ್ಚಿದೆಡೆಯಲ್ಲಿ ಕೀವುಗಟ್ಟಿದ ಕುದುರೆಗಳ ರಕ್ತದಲ್ಲಿಯೇ ಪ್ರತಿವಿಷವು ಹೆಚ್ಚೆಂಬದನ್ನು ಕಂಡು, 1925ರ ಸುಮಾರಿಗೆ ಮದ್ದಿಗೆ ಮರಗೆಣಸಿನ ಹಿಟ್ಟನ್ನು ಬೆರೆಸಿ ನೋಡಿದರು. ಫಲವು ಹೆಚ್ಚಿತು! ಅಡಿಗೆಮನೆಯ ವಸ್ತುವು ಪ್ರಯೋಗಶಾಲೆಯನ್ನು ಹೊಕ್ಕ ಈ ಸಂಗತಿಯು ನಮ್ಮ ಹುಡುಗಿಯರಿಗೆ ರುಚಿಸೀತು. 1926ರಲ್ಲಿ ಇಂಗ್ಲೆಂಡಿನ ಗ್ಲೆನ್ನಿಯವರು ಪಟಿಕವನ್ನು ಬಳಸಿದರು. ಅಲ್ಯೂಮಿನಿಯಮ್ ಲವಣಗಳು ಇಂದಿಗೂ ಅನೇಕ ಲಸಿಕೆಗಳಲ್ಲಿ ಉಂಟು.

ಹೀಗಾಗುವದೇಕೆಂಬದು ಮಾತ್ರ ಬಹುಕಾಲ ತಿಳಿಯಲಿಲ್ಲ. 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ ಎಂಬವರು, ಪರವಸ್ತುವು ಒಳಹೊಕ್ಕ ಮಾತ್ರಕ್ಕೆ ದೇಹವು ಎಚ್ಚರಗೊಳ್ಳದೆಂದೂ, ಜೊತೆಗೆ ಕ್ರಿಮಿಯ ಗುರುತು ಕಾಣಬೇಕೆಂದೂ, ಅದನ್ನು ಹಿಡಿಯುವ ಗ್ರಾಹಕಗಳು ಹುಟ್ಟಿನಿಂದಲೇ ನಮ್ಮಲ್ಲಿರಬೇಕೆಂದೂ ಊಹಿಸಿದರು. 1996ರಲ್ಲಿ ಹಣ್ಣಿನ ನೊಣವನ್ನು ಬೂಷ್ಟಿನ ರೋಗದಿಂದ ಕಾಯುವದು ಟೋಲ್ ಎಂಬ ಗ್ರಾಹಕವೆಂದು ಹಾಫ್‌ಮನ್ನರ ತಂಡವು ತೋರಿಸಿತು. ಮರುವರ್ಷವೇ ಮೆಜಿಟೋವ್ ಮತ್ತು ಜೇನ್‌ವೇಯವರು ಮನುಷ್ಯರಲ್ಲಿಯೂ ಅಂಥದೊಂದನ್ನು ಕಂಡರು. ದೇವರು ನೇಮಿಸಿದ ಕಾವಲುಗಾರರೆಂದು ಇವನ್ನು ಕರೆಯಲು ನಾವು ಹಿಂಜರಿಯೆವು.

ಇವುಗಳ ಕೆಲಸವನ್ನು ನೋಡೋಣ. ಚರ್ಮದಲ್ಲಿಯೂ ಮಾಂಸದಲ್ಲಿಯೂ ಕೊಂಬೆಕೊಂಬೆಯಾದ ಕೆಲವು ಜೀವಕೋಶಗಳು ಉಂಟು. ಸಹಾಯದ್ರವ್ಯವು ಅವುಗಳ ಗ್ರಾಹಕವನ್ನು ತಟ್ಟಿದೊಡನೆ ಅವು ಲಸಿಕೆಯ ತುಣುಕನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿನ ಬಿಳಿಯ ರಕ್ತಕಣಗಳಿಗೆ ಆ ತುಣುಕನ್ನು ತೋರಿಸಿ, ಅಪಾಯವುಂಟೆಂಬ ಎರಡನೆಯ ಸಂಜ್ಞೆಯನ್ನೂ ಕೊಡುತ್ತವೆ. ಈ ಸಂಜ್ಞೆಯಿಲ್ಲದಿದ್ದರೆ ಆ ಕಣಗಳು ಸುಮ್ಮನಿರುವವು. ಬಾವು, ಜ್ವರಗಳು ಈ ಎಚ್ಚರಿಕೆಯ ಜೊತೆಗೆ ಸ್ರವಿಸುವ ದ್ರವ್ಯಗಳಿಂದಲೇ ಬರುತ್ತವೆ.

ಪಟಿಕದ ಬಗೆಯ ಲವಣಗಳು ಟೋಲ್ ಗ್ರಾಹಕಗಳನ್ನು ನೇರವಾಗಿ ತಟ್ಟುವದಿಲ್ಲ. ಆದಕಾರಣ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಸರ್ವಾರಿಕ್ಸ್ ಎಂಬ ಲಸಿಕೆಯಲ್ಲಿ, ಲವಣದ ಸಂಗಡ ಬ್ಯಾಕ್ಟೀರಿಯಾದ ಹೊರಕವಚದಿಂದ ತೆಗೆದು ವಿಷವನ್ನು ತಗ್ಗಿಸಿದ ಪದಾರ್ಥವನ್ನು ಬೆರೆಸಿದರು. ಅದು ನಾಲ್ಕನೆಯ ಟೋಲ್ ಗ್ರಾಹಕವನ್ನು ತಟ್ಟುವದು. 2021ರಲ್ಲಿ ನಮ್ಮ ದೇಶದಲ್ಲಿ ಕೊಡಲಾರಂಭಿಸಿದ ಕೊವ್ಯಾಕ್ಸಿನ್ನಿನ ಸಹಾಯದ್ರವ್ಯವು ಏಳನೆಯ ಮತ್ತು ಎಂಟನೆಯ ಗ್ರಾಹಕಗಳನ್ನು ತಟ್ಟುವಂಥದು.

ತೋಳು ಬಾಯದಿದ್ದರೆ ಮದ್ದು ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಎಲ್ಲರ ದೇಹವೂ ಒಂದೇ ತೆರನಲ್ಲ. ನೋವು, ಜ್ವರಗಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಇಳಿಯದಿದ್ದರೆ, ಅಥವಾ ಚುಚ್ಚಿದ ಕೂಡಲೆ ಉಸಿರು ಕಟ್ಟಿದಂತಾದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.